ನೀರು ಹತ್ತದ ಊರು

‘ಕೆಲಸದ ಜಗತ್ತು ಬದಲಾಗ್ತಿದೆ, ನೀವೂ ಬದಲಾಗಬೇಕು.’ ಬೆಂಗಳೂರಿನ ಯಾವ ಕಂಪನಿಯ ಯಾವ ಮೀಟಿಂಗಿಗೆ ಹೋಗಿ ಕೂತರೂ ಈಗ ಇದೇ ಮಾತು. ಎಐ ಬಂತು, ಹೊಸದು ಕಲೀರಿ, ಕಲೀದಿದ್ರೆ ಕಷ್ಟ. ಹೇಳೋರು ವೇದಿಕೆ ಮೇಲಿರ್ತಾರೆ, ಕೇಳೋರು ಕೆಳಗಿರ್ತಾರೆ. ಕೆಳಗಿರೋರು ಹೇಗೆ ಬದಲಾಗಬೇಕು ಅನ್ನೋದಕ್ಕೆ ಇಪ್ಪತ್ತು ಸ್ಲೈಡು ಇರುತ್ತೆ. ಮೇಲಿರೋರು ಏನು ಬದಲಾಯಿಸ್ಕೋತಾರೆ ಅನ್ನೋದಕ್ಕೆ ಒಂದು ಸ್ಲೈಡೂ ಇರಲ್ಲ.

ನಾನು ಮಳವಳ್ಳಿ ಕಡೆಯ ಹಳ್ಳಿಯವನು. ನಮ್ಮ ಜಿಲ್ಲೆಯ ಮಟ್ಟಿಗೆ ಈ ಮಾತು ಹೊಸದೇನಲ್ಲ. ಮಳವಳ್ಳಿ, ಮದ್ದೂರು, ಮಂಡ್ಯ ಈ ಮೂರು ತಾಲ್ಲೂಕಲ್ಲಿ ಕಳೆದ ನೂರಿಪ್ಪತ್ತು ವರ್ಷದಲ್ಲಿ ಕೆಲಸ ಅನ್ನೋದರ ಅರ್ಥ ಹಲವು ಸಲ ಬುಡಮೇಲಾಗಿದೆ. ಒಮ್ಮೆ ಕರೆಂಟಿನಿಂದ, ಒಮ್ಮೆ ನಾಲೆಯಿಂದ, ಒಮ್ಮೆ ಸಕ್ಕರೆ ಕಾರ್ಖಾನೆಯಿಂದ, ಈಗ ಹೆದ್ದಾರಿಯಿಂದ. ಪ್ರತಿ ಸಲವೂ ಮುಂದೆ ನಿಂತು ನಡೆಸಿದ ಯಜಮಾನರು ಯಾರಾದರೂ ಇದ್ದರು. ದಿವಾನರು, ಎಂಜಿನಿಯರುಗಳು, ಕಂಪನಿಯವರು, ಊರ ಪಟೇಲರು. ಅವರು ಏನು ಮಾಡಿದರು, ಏನು ಮಾಡಲಿಲ್ಲ ಅಂತ ಓದ್ತಾ ಹೋದರೆ, ಇವತ್ತಿನ ನಾಯಕತ್ವದ ಪಾಠಗಳಲ್ಲಿ ಸಿಗದ ಒಂದು ಪ್ರಶ್ನೆ ಸಿಗುತ್ತೆ: ಬದಲಾವಣೆ ಆಗೋವಾಗ ಅದರ ನಷ್ಟ ಯಾರ ಲೆಕ್ಕಕ್ಕೆ ಬೀಳುತ್ತೆ?

ಮೊದಲು ಕರೆಂಟಿನ ಕತೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿ ಧುಮುಕುವ ಜಾಗ ನೀವು ನೋಡಿರ್ತೀರಿ. 1902ರ ಜೂನ್ 30ಕ್ಕೆ ಅಲ್ಲಿಂದ ಹೊರಟ ವಿದ್ಯುತ್ತು 92 ಮೈಲಿ, ಅಂದರೆ ಹತ್ತಿರಹತ್ತಿರ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ಮುಟ್ಟಿತು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಯೋಜನೆ ರೂಪಿಸಿದ ಎಂಜಿನಿಯರ್ ಕೆನಡಾ ಮೂಲದ ಜೋಲಿ ಡಿ ಲೋಟ್ಬಿನಿಯೇರ್. ಬೆನ್ನಿಗೆ ನಿಂತವರು ದಿವಾನ್ ಕೆ. ಶೇಷಾದ್ರಿ ಅಯ್ಯರ್. ಕರೆಂಟು ಹರಿಯೋದನ್ನ ನೋಡೋಕೆ ಅವರು ಉಳಿಯಲಿಲ್ಲ, 1901ರಲ್ಲೇ ತೀರಿಕೊಂಡರು.

ಇಲ್ಲಿ ಗಮನಿಸಬೇಕಾದ ಸಂಗತಿ ಯಂತ್ರವಲ್ಲ, ಲೆಕ್ಕ. ಅಲ್ಲಿವರೆಗೆ ಗಣಿಯ ಯಂತ್ರಗಳು ನಡೀತಿದ್ದುದು ಸೌದೆ, ಕಲ್ಲಿದ್ದಲು ಉರಿಸಿ ಬರಿಸುವ ಹಬೆಯಿಂದ. ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ, ಕಣ್ಣಿಗೆ ಕಾಣದ ಕರೆಂಟನ್ನ ನಂಬಿ ಹಳೇ ವ್ಯವಸ್ಥೆ ಬಿಡಬೇಕಿತ್ತು. ಮೈಸೂರು ಸರ್ಕಾರ, ಕೊಳ್ಳೋರು ಗ್ಯಾರಂಟಿ ಇಲ್ಲದೆ ಅಷ್ಟು ದುಡ್ಡು ಸುರಿಯೋ ಹಾಗಿರಲಿಲ್ಲ. ಹಾಗಾಗಿ ಕಂಬ ನೆಡುವ ಮೊದಲೇ ಇಬ್ಬರೂ ಕೂತು ಒಪ್ಪಂದ ಮಾಡಿಕೊಂಡರು. ಇವರು ಕರೆಂಟು ಕೊಡೋದು, ಅವರು ಕೊಂಡೇ ಕೊಳ್ಳೋದು. ಇಬ್ಬರ ಅಪಾಯವೂ ಕಾಗದದ ಮೇಲೆ ಹಂಚಿಹೋಯ್ತು.

ಆ ಕಾಗದದಲ್ಲಿ ಮೂರನೆಯವರ ಹೆಸರಿರಲಿಲ್ಲ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಹತ್ತಿತು. ತಂತಿ ಹಾದುಹೋದ ಹಳ್ಳಿಗಳಲ್ಲಿ ಇನ್ನೂ ಎಷ್ಟೋ ದಶಕ ಸೀಮೆಎಣ್ಣೆ ಬುಡ್ಡಿಯೇ ಉರಿಯಿತು. ಚಿನ್ನ ಅಗೆಯೋಕೆ ನಮ್ಮ ಹೊಳೆ ಬೇಕಿತ್ತು, ನಾವು ಬೇಕಿರಲಿಲ್ಲ. ಇದನ್ನ ದೂರಾಗಿ ಹೇಳ್ತಿಲ್ಲ. ಬದಲಾವಣೆಯ ಒಂದು ಮಾದರಿ ಇದು: ಮೇಲಿನವರು ಮೇಲಿನವರೊಂದಿಗೆ ಮಾತಾಡಿ ಮುಗಿಸೋದು. ಕೆಲಸ ಸೊಗಸಾಗಿ ಆಗುತ್ತೆ. ಕೆಳಗಿನವರಿಗೆ ತಂತಿ ಮಾತ್ರ ಕಾಣುತ್ತೆ.

ಎರಡನೇದು ನಾಲೆ. ಬೇಸಿಗೇಲಿ ಕಾವೇರಿ ಇಳಿದರೆ ಶಿವನಸಮುದ್ರದ ಕರೆಂಟೂ ಇಳೀತಿತ್ತು. ಗಣಿಯವರಿಗೆ ವರ್ಷಪೂರ್ತಿ ಒಂದೇ ಸಮ ಕರೆಂಟು ಬೇಕು. ಈ ಒತ್ತಡವೂ, ನೀರಾವರಿಯ ಆಸೆಯೂ ಕೂಡಿ 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಯ್ತು. ಆಗ ಚೀಫ್ ಎಂಜಿನಿಯರ್ ಆಗಿದ್ದವರು ಎಂ. ವಿಶ್ವೇಶ್ವರಯ್ಯ. ಮುಂದಿನ ವರ್ಷ ಅವರೇ ದಿವಾನರಾದರು. ಮದರಾಸಿನ ಜೊತೆ ತಕರಾರು ನಡೆದು, 1924ರಲ್ಲಿ ಒಪ್ಪಂದವಾಗಿ, ಕಟ್ಟೆ ಪೂರ್ತಿಯಾಗಿ ನಿಲ್ಲೋ ಹೊತ್ತಿಗೆ 1930ರ ದಶಕ ಶುರುವಾಗಿತ್ತು. ನಾಲೆಗೆ ಅಡ್ಡ ಬಂದ ಗುಡ್ಡವನ್ನ ಹುಲಿಕೆರೆ ಹತ್ತಿರ ಕೊರೆದು ಎರಡೂಮುಕ್ಕಾಲು ಕಿಲೋಮೀಟರಿನಷ್ಟು ಸುರಂಗ ಮಾಡಿದರು. ವೈಸರಾಯ್ ಹೆಸರಲ್ಲಿ ಇರ್ವಿನ್ ನಾಲೆ ಅಂತ ಕರೆದದ್ದೇ ಇವತ್ತಿನ ವಿಶ್ವೇಶ್ವರಯ್ಯ ನಾಲೆ, ನಮ್ಮ ಬಾಯಲ್ಲಿ ವಿ.ಸಿ. ನಾಲೆ. ಒಂದು ಲಕ್ಷದ ಇಪ್ಪತ್ತು ಸಾವಿರ ಎಕರೆಗೆ ನೀರುಣಿಸೋ ಅಂದಾಜು.

ಈಗ ಯಜಮಾನರ ಕುರ್ಚಿಯಲ್ಲಿ ಕೂತು ಯೋಚಿಸಿ. ಕಟ್ಟೆಗೆ, ನಾಲೆಗೆ ಕೋಟಿಗಟ್ಟಲೆ ಹಾಕಿಯಾಗಿದೆ. ನೀರು ಬಂದಿದೆ. ಹೊರಗಡೆ ಜಗತ್ತಿನ ಆರ್ಥಿಕ ಕುಸಿತ, ಭತ್ತದ ಬೆಲೆ ನೆಲ ಕಚ್ಚಿದೆ. ರಾಗಿ, ಹುರುಳಿ ಬೆಳೆದುಕೊಂಡಿದ್ದ ರೈತನಿಗೆ ಗದ್ದೆ ಮಾಡೋಕೆ ಭೂಮಿ ಸಮ ಮಾಡಿಸಬೇಕು, ಅದಕ್ಕೆ ಸಾಲ ಮಾಡಬೇಕು, ಮೇಲೆ ನೀರಿನ ಕಂದಾಯ ಕಟ್ಟಬೇಕು. ಅವನು ಅನುಮಾನಿಸಿದ. ಅನುಮಾನಕ್ಕೆ ಕಾರಣವೂ ಇತ್ತು. ನೀರಿನ ಹಿಂದೆಯೇ ಸೊಳ್ಳೆ, ಸೊಳ್ಳೆಯ ಹಿಂದೆ ಮಲೇರಿಯಾ ಬಂತು. ರಾಕ್‌ಫೆಲ್ಲರ್ ಫೌಂಡೇಶನ್ನಿನ ನೆರವಿನಿಂದ ಮಂಡ್ಯದಲ್ಲಿ ಆರೋಗ್ಯ ಘಟಕ ತೆರೆಯಬೇಕಾಯ್ತು. ನಮ್ಮಜ್ಜಿ ಅವರತ್ತೆಯಿಂದ ಕೇಳಿದ ಮಾತೊಂದನ್ನ ಹೇಳೋರು: “ನಾಲೆ ನೀರ್ ಬಂದಾಗ ಭತ್ತಾನೂ ಬಂತು, ಜ್ವರಾನೂ ಬಂತು ಕನ್ಲಾ. ಎರಡ್ಕೂ ದುಡ್ ಕಟ್ದೋರು ನಾವೇಯ.”

ಇಂಥ ಹೊತ್ತಲ್ಲಿ ಮೇಲೆ ಕೂತವರು ಸುಲಭವಾಗಿ ಹೇಳಬಹುದಾಗಿದ್ದ ಮಾತು ಒಂದಿತ್ತು: ರೈತರಿಗೆ ತಿಳುವಳಿಕೆ ಇಲ್ಲ, ಅವರು ಬದಲಾಗಬೇಕು. ಆದರೆ ಮಂಡ್ಯದಲ್ಲಿ ನಡೆದದ್ದು ಬೇರೆ. ಅದಕ್ಕೆ ದೊಡ್ಡ ಕಾರಣ ಲೆಸ್ಲಿ ಕೋಲ್ಮನ್ ಅನ್ನೋ ಇನ್ನೊಬ್ಬ ಕೆನಡಾದ ಮನುಷ್ಯ. 1908ರಲ್ಲಿ ಮೈಸೂರು ಸರ್ಕಾರದ ಕೀಟ ಮತ್ತು ಶಿಲೀಂಧ್ರ ತಜ್ಞನಾಗಿ ಬಂದವರು, ಕೃಷಿ ಇಲಾಖೆಯ ಮೊದಲ ನಿರ್ದೇಶಕರಾದರು. ಮಲೆನಾಡಿನ ಅಡಿಕೆ ತೋಟದವರು ಇವತ್ತಿಗೂ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೀತಾರಲ್ಲ, ಅದನ್ನ ಇಲ್ಲಿಗೆ ಒಗ್ಗಿಸಿದ ಸಂಶೋಧನೆ ಇವರದು. ಹೆಬ್ಬಾಳದ ಕೃಷಿ ಶಾಲೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಇವರ ಕಾಲದವು. ನಾಲೆ ಪ್ರದೇಶಕ್ಕೆ ಏನು ಬೆಳೆ ಒಗ್ಗುತ್ತೆ ಅಂತ ನೋಡೋಕೆ 1931ರಲ್ಲಿ ಮಂಡ್ಯದ ಹತ್ತಿರ ಪ್ರಯೋಗದ ಫಾರಂ ಶುರುವಾಯ್ತು. ಅದೇ ಇವತ್ತಿನ ವಿ.ಸಿ. ಫಾರಂ.

ಕಬ್ಬು ಬೆಳೀರಿ ಅನ್ನೋದು ಸುಲಭ. ಕೊಳ್ಳೋರು ಯಾರು? ಕಾರ್ಖಾನೆ ಇಲ್ಲದೆ ರೈತ ಕಬ್ಬು ಹಾಕಲ್ಲ, ಕಬ್ಬಿಲ್ಲದೆ ಯಾರೂ ಕಾರ್ಖಾನೆ ಕಟ್ಟಲ್ಲ. ಬೀಜ ಮೊದಲೋ ಮರ ಮೊದಲೋ ಅನ್ನೋ ಸಮಸ್ಯೆ. 1932ರಲ್ಲಿ ಭಾರತ ಸರ್ಕಾರ ಜಾವಾ ಮುಂತಾದ ಕಡೆಯಿಂದ ಬರ್ತಿದ್ದ ಸಕ್ಕರೆಗೆ ಭಾರಿ ಸುಂಕ ಹಾಕಿ ದೇಶದ ಕಾರ್ಖಾನೆಗಳಿಗೆ ರಕ್ಷಣೆ ಕೊಟ್ಟಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಸರ್ಕಾರ ತಡ ಮಾಡಲಿಲ್ಲ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಮರುವರ್ಷ ಮಂಡ್ಯದಲ್ಲಿ ದಿನಕ್ಕೆ 400 ಟನ್ ಕಬ್ಬು ಅರೆಯೋ ಗಿರಣಿ ಓಡತೊಡಗಿತು. ಅದೇ ಮೈಷುಗರ್.

ಕಾರ್ಖಾನೆ ಕಟ್ಟಿದ್ದಕ್ಕಿಂತ ಅದನ್ನ ಊರೊಳಗೆ ನಾಟಿದ ರೀತಿ ನನಗೆ ಹೆಚ್ಚು ಮುಖ್ಯ ಅನ್ಸುತ್ತೆ. ಹೆಚ್ಚಿನ ಬಂಡವಾಳ ಸರ್ಕಾರದ್ದು. ಆದರೆ ಶೇರು ರೈತರಿಗೂ ಸಿಕ್ಕಿತು. ಇವತ್ತಿಗೂ ಸಾವಿರಾರು ರೈತ ಕುಟುಂಬಗಳು ಅದರ ಶೇರುದಾರರು. ಕಬ್ಬು ಹಾಕುವ ಮೊದಲೇ ಒಪ್ಪಿಗೆ. ಅಂದರೆ ಇಷ್ಟು ಎಕರೆ ಕಬ್ಬನ್ನ ಕಾರ್ಖಾನೆ ತಗೊಂಡೇ ತಗೊಳ್ಳುತ್ತೆ ಅನ್ನೋ ಕಾಗದ. ಆ ಕಾಗದದ ಮೇಲೆ ಮುಂಗಡ ದುಡ್ಡು, ಗೊಬ್ಬರ. ಬಿಲ್ಲಿನಲ್ಲಿ ಆಮೇಲೆ ಮುರ್ಕೊಳ್ಳೋದು. ಬೆಳೆ ನೋಡೋಕೆ ಕಾರ್ಖಾನೆಯ ಫೀಲ್ಡ್‌ಮನ್ ಸೈಕಲ್ ಹತ್ತಿ ಗದ್ದೆ ಬದುವಿಗೇ ಬರ್ತಿದ್ದ. ಕಡಿಯೋ ದಿನಕ್ಕೆ ಕಟಿಂಗ್ ಆರ್ಡರ್ ಕೊಡ್ತಿದ್ದ.

ಇದು ದಾನಧರ್ಮ ಅಲ್ಲ. ಗಿರಣಿ ಓಡಬೇಕಾದರೆ ಕಬ್ಬು ಬೇಕಿತ್ತು, ಕಟ್ಟೆಯ ಸಾಲ ತೀರಬೇಕಾದರೆ ಕಂದಾಯ ಬೇಕಿತ್ತು. ಆದರೆ ಲಾಭಕ್ಕೋಸ್ಕರವೇ ಆದರೂ ಯಜಮಾನರು ಮೊದಲು ತಾವು ಅಪಾಯಕ್ಕೆ ಕೈ ಹಾಕಿದರು. ‘ನೀನು ಹೊಸ ಕೆಲಸ ಕಲಿ, ಆಮೇಲೆ ನೋಡೋಣ’ ಅನ್ನಲಿಲ್ಲ. ‘ನೀನು ಕಲಿಯೋವರೆಗಿನ ಖರ್ಚು ನಮ್ದು, ನೀನು ಬೆಳೆದದ್ದನ್ನ ಕೊಳ್ಳೋ ಜವಾಬ್ದಾರಿ ನಮ್ದು’ ಅಂದರು. ರೈತ ಬದಲಾದ. ಹತ್ತಿಪ್ಪತ್ತು ವರ್ಷದಲ್ಲಿ ರಾಗಿ ಸೀಮೆ ಕಬ್ಬಿನ ಸೀಮೆ ಆಯ್ತು. 1939ರಲ್ಲಿ ಮಂಡ್ಯ ಮೈಸೂರಿನಿಂದ ಬೇರೆಯಾಗಿ ಹೊಸ ಜಿಲ್ಲೆಯೇ ಆಯ್ತು.

ಆಮೇಲೆ ಏನಾಯ್ತು ಅನ್ನೋದನ್ನ ತುಂಬ ಹತ್ತಿರದಿಂದ ನೋಡಿದವರು ಸ್ಕಾರ್ಲೆಟ್ ಎಪ್‌ಸ್ಟೈನ್. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದ ಯಹೂದಿ ಹೆಣ್ಣುಮಗಳು. 1954ರಿಂದ 56ರವರೆಗೆ ಮಂಡ್ಯದ ಸುತ್ತ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದರು. 1962ರಲ್ಲಿ ಅದು ಪುಸ್ತಕವಾಗಿ ಬಂತು. ಹಳ್ಳಿಗಳ ನಿಜ ಹೆಸರು ಮುಚ್ಚಿಟ್ಟು ಒಂದಕ್ಕೆ ‘ವಂಗಲ’, ಇನ್ನೊಂದಕ್ಕೆ ‘ದಲೇನ’ ಅಂತ ಹೆಸರಿಟ್ಟರು. ಮಂಡ್ಯದವರಿಗಿಂತ ಹೊರದೇಶದ ಸಮಾಜಶಾಸ್ತ್ರದ ವಿದ್ಯಾರ್ಥಿಗಳಿಗೇ ಈ ಹೆಸರು ಹೆಚ್ಚು ಗೊತ್ತು ಅನ್ನೋದು ವಿಚಿತ್ರ.

ವಂಗಲಕ್ಕೆ ನಾಲೆ ನೀರು ಬಂತು. ದಲೇನದ ಜಮೀನು ನಾಲೆಗಿಂತ ಎತ್ತರದಲ್ಲಿತ್ತು, ನೀರು ಹತ್ತಲಿಲ್ಲ. ಸುತ್ತಲಿನ ಊರೆಲ್ಲ ಹಸಿರಾದರೂ ಅದು ಬೆದ್ದಲಾಗೇ ಉಳೀತು. ನಾವು ಸಾಮಾನ್ಯವಾಗಿ ಏನಂದುಕೊಳ್ತೀವಿ? ನೀರು ಬಂದ ಊರು ಮುಂದುವರೀತು, ಬರದ ಊರು ಹಿಂದೆ ಬಿತ್ತು. ಎಪ್‌ಸ್ಟೈನ್ ಕಂಡದ್ದು ಬೇರೆ.

ವಂಗಲದ ಒಕ್ಕಲುಗಳ ಕೈಗೆ ದುಡ್ಡು ಬಂತು. ಆದರೆ ಊರಿನ ರೀತಿ ಬದಲಾಗಲಿಲ್ಲ. ಕಬ್ಬು, ಭತ್ತ ಕೈ ಹಿಡಿದ ಮೇಲೆ ಬೇರೆ ಕಸುಬಿನ ಕಡೆ ನೋಡೋ ಅಗತ್ಯವೇ ಬೀಳಲಿಲ್ಲ. ದುಡ್ಡು ಮದುವೆಗೆ, ಮನೆಗೆ, ಹಬ್ಬಕ್ಕೆ ಹೋಯ್ತು. ಪಟೇಲನ ಮನೆ ಪಟೇಲನ ಮನೆಯಾಗೇ ಉಳೀತು. ದಲೇನದವರಿಗೆ ಆ ಆರಾಮ ಇರಲಿಲ್ಲ. ಅವರು ಮಂಡ್ಯದ ಕಡೆ ಮುಖ ಮಾಡಿದರು. ಕಾರ್ಖಾನೆಯಲ್ಲಿ, ಸರ್ಕಾರಿ ಕಚೇರಿಗಳಲ್ಲಿ ಕೆಲಸಕ್ಕೆ ಸೇರಿದರು. ಊರಿನ ದೊಡ್ಡ ಕುಳಗಳು ಹಿಟ್ಟಿನ ಗಿರಣಿ ಹಾಕಿದರು, ಎತ್ತು ಗಾಡಿ ವ್ಯಾಪಾರಕ್ಕಿಳಿದರು, ನೀರಾವರಿ ಇರೋ ಪಕ್ಕದೂರುಗಳಲ್ಲಿ ಗದ್ದೆ ಕೊಂಡರು. ನೀರು ತಮ್ಮೂರಿಗೆ ಬರದಿದ್ದರೆ ತಾವೇ ನೀರಿದ್ದ ಕಡೆ ಹೋದರು.

ಮ್ಯಾನೇಜ್‌ಮೆಂಟ್ ಪುಸ್ತಕದವರು ಇಲ್ಲಿಗೇ ನಿಲ್ಲಿಸ್ತಾರೆ. ದಲೇನದ ಯಜಮಾನರು ಬದಲಾವಣೆಗೆ ಹೊಂದಿಕೊಂಡ ನಾಯಕರು, ವಂಗಲದವರು ಹೊಂದಿಕೊಳ್ಳದವರು, ಚಪ್ಪಾಳೆ. ಎಪ್‌ಸ್ಟೈನ್ ಅಲ್ಲಿಗೆ ನಿಲ್ಲಿಸಲಿಲ್ಲ. ಎರಡೂ ಊರಿನ ದಲಿತರ ಕೇರಿಗೆ ಹೋಗಿ ಅದೇ ಲೆಕ್ಕ ಕೇಳಿದರು.

ನಮ್ಮ ಕಡೆ ಹಿಂದೆ ಒಕ್ಕಲು ಮನೆಗೂ ದಲಿತರ ಮನೆಗೂ ತಲೆಮಾರಿನ ಕಟ್ಟು ಇರ್ತಿತ್ತು. ‘ಹಳೆಮಕ್ಕಳು’ ಅಂತಿದ್ದರು. ವರ್ಷಪೂರ್ತಿ ಕರೆದಾಗ ಕೆಲಸಕ್ಕೆ ಬರಬೇಕು, ಸುಗ್ಗೀಲಿ ಇಷ್ಟು ಅಂತ ಕಾಳು ಕೊಡಬೇಕು. ಇದನ್ನ ಹೊಗಳೋ ಹಾಗಿಲ್ಲ. ಇದು ಜಾತಿಯ ಕಟ್ಟು, ಮರ್ಯಾದೆ ಇಲ್ಲದ ಕಟ್ಟು. ಆದರೆ ಅದರಲ್ಲಿ ಒಂದು ಸಂಗತಿ ಇತ್ತು. ಮಳೆ ಬಂದರೂ ಬರದಿದ್ದರೂ ಆ ಕಾಳು ಕೊಡಲೇಬೇಕಿತ್ತು. ಬರಗಾಲದಲ್ಲಿ ಇರೋದನ್ನೇ ಹಂಚಿಕೊಂಡು ಎಲ್ಲರೂ ಉಳಿಯೋ ಲೆಕ್ಕಾಚಾರ ಅದು. ವಂಗಲದಲ್ಲಿ ಈ ಕಟ್ಟು 1950ರ ದಶಕದಲ್ಲೂ ನಡೀತಿತ್ತು. ದಲೇನದಲ್ಲಿ ಬಿಚ್ಚಿಹೋಗಿತ್ತು. ಮಂಡ್ಯದ ಕಡೆ ತಿರುಗಿದ ಯಜಮಾನನಿಗೆ ವರ್ಷಪೂರ್ತಿಯ ಆಳು ಬೇಕಿರಲಿಲ್ಲ. ಬೇಕಾದ ದಿನ ಕೂಲಿ ಕೊಟ್ಟರೆ ಸಾಕಿತ್ತು.

ಕಟ್ಟು ಬಿಚ್ಚಿದ್ದು ಒಳ್ಳೇದೇ. ದಲೇನದ ದಲಿತ ಹುಡುಗ ಯಾರ ಮುಂದೆಯೂ ಕೈ ಕಟ್ಟಿ ನಿಲ್ಲದೆ ಪೇಟೆಯಲ್ಲಿ ಕೆಲಸ ಹುಡುಕಬಹುದಿತ್ತು. ಆದರೆ ಬಿಚ್ಚಿದವರು ಯಜಮಾನರು, ಬಿಚ್ಚಿದ್ದು ತಮ್ಮ ಅನುಕೂಲದ ದಿನ. ಆ ದಿನದಿಂದ ಕೆಲಸ ಇಲ್ಲದ ದಿನದ ಚಿಂತೆ ಪೂರ್ತಿ ಆಳಿನ ಪಾಲಿಗೆ ಬಿತ್ತು. 1970ರಲ್ಲಿ ಎಪ್‌ಸ್ಟೈನ್ ಮತ್ತೆ ಬಂದು ನೋಡಿದಾಗ ಊರುಗಳು ಇನ್ನೂ ಬೆಳೆದಿದ್ದವು. ಜೊತೆಗೆ ಉಳ್ಳವರು ಇನ್ನಷ್ಟು ಉಳ್ಳವರಾಗಿ, ಬಡವರು ಇನ್ನಷ್ಟು ಬಡವರಾಗಿದ್ದನ್ನೂ ಅವರು ಬರೆದರು.

ಇದನ್ನ ಓದಿದಾಗ ನನಗೆ ನಮ್ಮ ಉದ್ಯಮ ನೆನಪಾಗದೆ ಇರೋಕೆ ಸಾಧ್ಯವಿರಲಿಲ್ಲ. ಎರಡು ವರ್ಷದಲ್ಲಿ ನನ್ನ ಟೀಮು ಹದಿನಾಲ್ಕು ಜನದಿಂದ ಒಂಬತ್ತಕ್ಕೆ ಇಳಿದಿದೆ. ಹೋದವರಲ್ಲಿ ಇಬ್ಬರು ಅದೇ ಕೆಲಸವನ್ನ ಈಗ ಬೇರೆ ಏಜೆನ್ಸಿ ಮೂಲಕ ಕಾಂಟ್ರ್ಯಾಕ್ಟಿನಲ್ಲಿ ಮಾಡ್ತಾರೆ. ಬೇಕಾದ ತಿಂಗಳು ಕರೀತಾರೆ, ಬೇಡವಾದಾಗ ಇಲ್ಲ. ಇನ್ಶೂರೆನ್ಸ್ ಇಲ್ಲ, ರಜೆ ಇಲ್ಲ. ಇದಕ್ಕೆ ಇಡೋ ಹೆಸರು ಫ್ಲೆಕ್ಸಿಬಿಲಿಟಿ. ದಲೇನದ ಯಜಮಾನನಿಗೆ ಈ ಪದ ಗೊತ್ತಿರಲಿಲ್ಲ ಅಷ್ಟೆ.

ಹಾಗಂತ ಜಾಣತನವನ್ನೇ ಅನುಮಾನದಿಂದ ನೋಡಬೇಕಿಲ್ಲ. ಬದಲಾದ ಹೊತ್ತಿಗೆ ಕೈಗೆ ಸಿಕ್ಕಿದ್ದರಲ್ಲೇ ಹೊಸದು ಮಾಡಿದ ಕತೆ ಬೇಕಾದರೆ ಮದ್ದೂರಿಗೆ ಬನ್ನಿ. 1880ರ ದಶಕದ ಹೊತ್ತಿಗೆ ಬೆಂಗಳೂರು–ಮೈಸೂರು ರೈಲು ಓಡುತ್ತಿತ್ತು. ಮದ್ದೂರು ಸ್ಟೇಷನ್ನಿನಲ್ಲಿ ತಿಂಡಿ ಮಾರ್ತಿದ್ದ ರಾಮಚಂದ್ರ ಬುಧ್ಯ ಅವರು 1917ರಲ್ಲಿ ಒಂದು ದಿನ ರೈಲು ಬೇಗ ಬಂದಿದ್ದಕ್ಕೆ, ಕಲಸಿಟ್ಟ ಹಿಟ್ಟನ್ನೇ ತೆಳ್ಳಗೆ ತಟ್ಟಿ ಎಣ್ಣೆಗೆ ಬಿಟ್ಟರಂತೆ. ಅದೇ ಮದ್ದೂರು ವಡೆ ಅನ್ನೋದು ಜನಜನಿತ ಕತೆ. ಮುಂದೆ ರಸ್ತೆಯ ಓಡಾಟ ಹೆಚ್ಚಾದಾಗ ವಡೆ ಪ್ಲಾಟ್‌ಫಾರಂನಿಂದ ಹೆದ್ದಾರಿಗೂ ಬಂತು. ಒಂದು ತಿಂಡಿ ಎರಡು ಯುಗ ದಾಟಿತು.

ಮೂರನೇ ಯುಗ 2023ರ ಮಾರ್ಚಿನಲ್ಲಿ ಬಂತು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಮದ್ದೂರು, ಮಂಡ್ಯ ಎರಡಕ್ಕೂ ಬೈಪಾಸ್. ನಮ್ಮಂಥವರು ಖುಷಿಯಿಂದ ತೊಂಬತ್ತು ನಿಮಿಷದ ಲೆಕ್ಕ ಹೇಳ್ಕೊಂಡು ಕಾರು ಓಡಿಸ್ತೀವಿ. ಹಳೇ ರಸ್ತೆಯ ಹೋಟೆಲುಗಳ ಮುಂದೆ ಕಾರು ನಿಲ್ಲೋದು ಕಡಿಮೆಯಾಯ್ತು. ಬಂಡವಾಳ ಇದ್ದ ಮಾಲೀಕನಿಗೆ ಹೊಸ ಜಾಗ ಹುಡುಕೋ ದಾರಿ ಇದೆ. ಎಳನೀರು ಮಾರೋನು, ಬೆಲ್ಲ ಇಟ್ಕೊಂಡು ಕೂರ್ತಿದ್ದ ಹೆಂಗಸು, ಟೇಬಲ್ ಒರೆಸೋ ಹುಡುಗ, ಇವರಿಗೆ ಯಾವ ಬೈಪಾಸ್ ಇದೆ? ಹೆದ್ದಾರಿಗೆ ಭೂಮಿ ಕೊಟ್ಟವರಿಗೆ ಪರಿಹಾರ ಇದೆ. ಹೆದ್ದಾರಿಯನ್ನೇ ನಂಬಿ ಬದುಕಿದ್ದವರ ಲೆಕ್ಕ ಇಡೋ ರಿಜಿಸ್ಟರು ಯಾವ ಕಚೇರಿಯಲ್ಲೂ ಇಲ್ಲ.

ಇನ್ನು ಮೈಷುಗರ್ ಕತೆಯ ಎರಡನೇ ಭಾಗ. ಒಂದು ಕಾಲದಲ್ಲಿ ಇಡೀ ಸೀಮೆಯನ್ನ ಬದಲಾಯಿಸಿದ ಸಂಸ್ಥೆ, ತಾನು ಬದಲಾಗಬೇಕಾದಾಗ ಕೂತಲ್ಲೇ ಕೂತಿತು. ಯಂತ್ರಗಳು ಹಳತಾದವು, ರಿಪೇರಿ ಹೆಚ್ಚಾಯ್ತು, ಸಾಲ ಬೆಳೆಯಿತು. ಸುತ್ತ ಖಾಸಗಿ ಕಾರ್ಖಾನೆಗಳು ಬಂದವು. ಈ ಶತಮಾನದಲ್ಲಿ ಮೈಷುಗರ್ ನಿಂತು ನಿಂತು ನಡೆಯಿತು, ಕೆಲವು ವರ್ಷ ಪೂರ್ತಿ ನಿಂತೇ ಹೋಯ್ತು. ಖಾಸಗಿಗೆ ಗುತ್ತಿಗೆ ಕೊಡೋ ಮಾತು ಬಂದಾಗ ರೈತರು ಬೀದಿಗಿಳಿದರು. ಕೊನೆಗೆ 2022ರಲ್ಲಿ ಸರ್ಕಾರದ ಕೈಯಲ್ಲೇ ಮತ್ತೆ ಕಬ್ಬು ಅರೆಯೋಕೆ ಶುರುವಾಯ್ತು.

ಕಾರ್ಖಾನೆ ನಿಂತರೆ ಕಬ್ಬು ನಿಲ್ಲಲ್ಲ. ಹನ್ನೆರಡು ತಿಂಗಳಿಗೆ ಕಡೀದಿದ್ದರೆ ತೂಕ ಇಳಿಯುತ್ತೆ, ರಸ ಒಣಗುತ್ತೆ. ಒಪ್ಪಿಗೆ ಮಾಡಿದ ಕಬ್ಬು ಗದ್ದೇಲಿ ನಿಂತೇ ಸೌದೆಯಾಗುತ್ತೆ. ರೈತ ಸಿಕ್ಕಿದ ಬೆಲೆಗೆ ಆಲೆಮನೆಗೆ ಹಾಕ್ತಾನೆ, ಇಲ್ಲ ದೂರದ ಕಾರ್ಖಾನೆಗೆ ಲಾರಿ ಬಾಡಿಗೆ ತೆತ್ತು ಕಳಿಸ್ತಾನೆ. 2015ರ ಬೇಸಿಗೆ ಮಳೆಗಾಲದಲ್ಲಿ ಬೆಲೆ ಕುಸಿತ, ಬಾಕಿ ಹಣ, ಸಾಲ ಎಲ್ಲ ಕೂಡಿ ರಾಜ್ಯದಲ್ಲಿ ಕಬ್ಬು ಬೆಳೆಗಾರರು ಒಬ್ಬರ ಹಿಂದೊಬ್ಬರು ಪ್ರಾಣ ಕಳಕೊಂಡರು. ಮಂಡ್ಯದ ಹೆಸರು ದಿನಾ ಪೇಪರಿನಲ್ಲಿ ಬರ್ತಿತ್ತು. 1934ರಲ್ಲಿ ಯಜಮಾನರು ತಮ್ಮ ತಲೆ ಮೇಲೆ ಹೊತ್ತಿದ್ದ ಅಪಾಯ, ಎಂಬತ್ತು ವರ್ಷದಲ್ಲಿ ಮೆಲ್ಲಗೆ ಜಾರಿ ಜಾರಿ ಮತ್ತೆ ರೈತನ ತಲೆ ಮೇಲೆ ಬಂದು ಕೂತಿತ್ತು.

ಇಲ್ಲಿ ಒಂದು ಮಾತು ಮೈಷುಗರ್ ಪರವಾಗಿಯೂ ಹೇಳಬೇಕು. ಅದು ಅಷ್ಟು ಕಾಲ ಬಾಗಿಲು ಹಾಕಿದ್ದರೂ ರೈತರು ಅದನ್ನ ಬಿಟ್ಟುಕೊಡಲಿಲ್ಲ. ಖಾಸಗಿ ಕಾರ್ಖಾನೆ ಮುಚ್ಚಿದರೆ ಬೈದು ಸುಮ್ಮನಾಗೋ ಜನ, ಇದಕ್ಕೆ ಮಾತ್ರ ‘ನಮ್ ಫ್ಯಾಕ್ಟ್ರಿ’ ಅಂತ ಧರಣಿ ಕೂತರು. ಯಾಕೆ? ಆ ಶೇರು ಕಾಗದ ಇನ್ನೂ ಎಷ್ಟೋ ಮನೆಗಳ ಟ್ರಂಕಿನಲ್ಲಿದೆ. ಅಪಾಯ ಹಂಚಿಕೊಂಡ ಯಜಮಾನನನ್ನ ಜನ ಮೂರು ತಲೆಮಾರು ನೆನಪಿಟ್ಕೊಳ್ತಾರೆ. ಯಾವ ಬ್ರ್ಯಾಂಡಿಂಗ್ ತಂಡವೂ ಇದನ್ನ ತಯಾರು ಮಾಡೋಕಾಗಲ್ಲ.

ಮಂಡ್ಯದಲ್ಲಿ ಇನ್ನೊಂದು ಬಗೆಯ ನಾಯಕತ್ವವೂ ಇತ್ತು. ನಮ್ಮಂಥವರು ಇವತ್ತು ಲ್ಯಾಪ್‌ಟಾಪ್ ಮುಂದೆ ಕೂತಿರೋದು ಅದರ ದೆಸೆಯಿಂದ. 1962ರಲ್ಲಿ, ಕಬ್ಬಿನ ದುಡ್ಡು ಜೋರಾಗಿ ಹರೀತಿದ್ದ ಕಾಲದಲ್ಲಿ, ಮಂಡ್ಯದವರು ‘ನಿತ್ಯ ಸಚಿವ’ ಅಂತ ಕರೆಯೋ ಕೆ.ವಿ. ಶಂಕರಗೌಡರು ಅಲ್ಲಿ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ತೆರೆದರು. ಸಕ್ಕರೆ ಪೇಟೆಗೆ ಎಂಜಿನಿಯರಿಂಗ್ ಕಾಲೇಜು ಯಾಕೆ ಅಂತ ಆಗ ಯಾರಾದರೂ ಕೇಳಿದ್ದರೆ ಅದು ತಪ್ಪು ಪ್ರಶ್ನೆ ಆಗ್ತಿರಲಿಲ್ಲ. ಕಬ್ಬು ಚೆನ್ನಾಗಿರೋವಾಗಲೇ ಕಬ್ಬಿಲ್ಲದ ಬದುಕಿಗೆ ದಾರಿ ಮಾಡಿಟ್ಟರು. ಹೊಸ ಕೆಲಸ ಕಲಿಯೋ ಹೊಣೆಯನ್ನ ಒಬ್ಬೊಬ್ಬ ರೈತನ ಮಗನ ತಲೆಗೆ ಕಟ್ಟಲಿಲ್ಲ, ಊರಿನ ಹೊಣೆ ಮಾಡಿದರು. ವಂಗಲದಲ್ಲಿ ನೀರು ಬಂದಾಗ ಇಲ್ಲದೇ ಹೋದ ದೂರದೃಷ್ಟಿ ಇದು. ಸುಖವಾಗಿರೋವಾಗಲೇ ಬದಲಾವಣೆಗೆ ತಯಾರಿ ಮಾಡೋದು, ಅದೂ ಬೇರೆಯವರ ಮಕ್ಕಳಿಗೋಸ್ಕರ.

ಹಾಗಾದರೆ ಬದಲಾಗ್ತಿರೋ ಕೆಲಸದ ಜಗತ್ತಿಗೆ ಯಜಮಾನರು ಹೊಂದಿಕೊಳ್ಳೋದು ಅಂದರೇನು? ನಮ್ಮ ಮೂರು ತಾಲ್ಲೂಕಿನ ಚರಿತ್ರೆ ಹೇಳೋದು ಇಷ್ಟು. ಹೊಸ ಯಂತ್ರ ತರೋದು ಹೊಂದಾಣಿಕೆ ಅಲ್ಲ, ಅದು ಖರೀದಿ. ಶಿವನಸಮುದ್ರದವರು ಅದನ್ನ ಚೆನ್ನಾಗಿ ಮಾಡಿದರು. ಹೊಸ ವ್ಯಾಪಾರಕ್ಕೆ ಇಳಿಯೋದೂ ಪೂರ್ತಿ ಹೊಂದಾಣಿಕೆ ಅಲ್ಲ. ದಲೇನದ ಕುಳಗಳು ಅದನ್ನೂ ಚೆನ್ನಾಗಿ ಮಾಡಿದರು. ತನ್ನ ಜೊತೆ ದುಡಿದವರ ಬೆಂಬಲದ ಕಟ್ಟು ಬಿಚ್ಚುವಾಗ, ಅದರ ಬದಲಿಗೆ ಏನು ಕಟ್ಟಿಕೊಡ್ತೀಯ ಅನ್ನೋದರಲ್ಲಿದೆ ನಿಜವಾದ ಪರೀಕ್ಷೆ. ಕೋಲ್ಮನ್ ಕಾಲದವರು ಒಪ್ಪಿಗೆ ಕಾಗದ, ಮುಂಗಡ, ಶೇರು ಕೊಟ್ಟರು. ಶಂಕರಗೌಡರು ಕಾಲೇಜು ಕೊಟ್ಟರು. ದಲೇನದವರು ಬರೀ ಕೂಲಿ ಕೊಟ್ಟರು.

ಇದನ್ನ ಓದ್ತಿರೋ ನಿಮ್ಮಲ್ಲಿ ಕೆಲವರು ಈಗಾಗಲೇ ಮ್ಯಾನೇಜರ್ ಆಗಿರ್ತೀರಿ, ಕೆಲವರು ಸ್ವಂತ ಸ್ಟಾರ್ಟಪ್ ಮಾಡಿರ್ತೀರಿ. ನಾಳೆ ಹತ್ತು ಜನರ ಕೆಲಸದ ರೀತಿ ಬದಲಾಯಿಸೋ ನಿರ್ಧಾರ ನಿಮ್ಮ ಟೇಬಲ್ಲಿಗೆ ಬರುತ್ತೆ. ಆಗ ಆ ಹತ್ತು ಜನ ಕಲಿಯೋಕೆ ತಗೊಳ್ಳೋ ಆರು ತಿಂಗಳ ಸಂಬಳ ಯಾವ ಬಜೆಟ್ಟಿನಲ್ಲಿದೆ ಅಂತ ನೋಡಿ. ಅವರು ಕಲಿತ ಮೇಲೆ ಅವರ ಕೆಲಸವನ್ನ ಕೊಂಡೇ ಕೊಳ್ತೀವಿ ಅಂತ ಬರೆದುಕೊಡೋಕೆ ಆಗುತ್ತಾ ನೋಡಿ. ಲಾಭ ಬಂದಾಗ ಅವರಿಗೂ ಒಂದು ಶೇರು ಇದೆಯಾ ನೋಡಿ. ಮೂರರಲ್ಲಿ ಒಂದೂ ಇಲ್ಲ ಅಂದರೆ, ನೀವು ಬದಲಾಗ್ತಿಲ್ಲ, ಬದಲಾಗೋ ಕೆಲಸವನ್ನ ಬೇರೆಯವರಿಗೆ ವಹಿಸ್ತಿದ್ದೀರಿ.

ನಮ್ಮೂರು ನಾಲೆಯ ಕೊನೇ ಭಾಗದಲ್ಲಿದೆ. ಮೇಲಿನವರ ತೂಬು ದಾಟಿ ಉಳಿದರೆ ನಮಗೆ ನೀರು. ಎಷ್ಟೋ ವರ್ಷ ನಾಟಿ ಹೊತ್ತಿಗೆ ನೀರು ಬರಲ್ಲ. ಆಗ ಅಪ್ಪ ನೀರ್ಗಂಟಿಯನ್ನ ಬೈಯಲ್ಲ, ಅವನೂ ಬಡವ. ನಾಲೆ ಏರಿ ಮೇಲೆ ನಡಕೊಂಡು ಹೋಗಿ, ಮೇಲಿನ ಯಾವ ತೂಬು ಎಷ್ಟು ತೆಗೆದಿದೆ ಅಂತ ನೋಡ್ಕೊಂಡು ಬರ್ತಾರೆ. ನೀರಿನ ವಿಚಾರದಲ್ಲಿ ಕೆಳಗಿರೋನು ಮೇಲಿನ ತೂಬನ್ನ ನೋಡಿಯೇ ಮಾತಾಡಬೇಕು. ಕೆಲಸದ ವಿಚಾರವೂ ಅಷ್ಟೇ.